ಸಹಾಯ ಬೇಕು: ಸೇಜಿ ಒಗಾವಾ ಅವರ ಸಂಶೋಧನಾ ಲೇಖನಗಳ ಪಟ್ಟಿ

ಸ್ನೇಹಿತರೇ, ನಮಸ್ಕಾರ.

ನಮ್ಮೂರ ಕಾಲೇಜು ಮಕ್ಕಳಿಗಾಗಿ ಜಪಾನಿನ ವಿಜ್ಞಾನಿ ಸೇಜಿ ಒಗಾವಾ ಅವರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಲೆಬುರುಡೆ ತೆರೆಯದೆ ಮಿದುಳಿನ ಕೆಲಸ ನೋಡುವ ಎಫ್‌ಎಂಆರ್‌ಐ ಎಂಬ ಕಾಂತೀಯ ಸ್ಕ್ಯಾನ್‌ಗೆ ದಾರಿ ಮಾಡಿಕೊಟ್ಟವರು ಇವರು.

ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದಾಗ 1990ರಲ್ಲಿ ಇಲಿಗಳ ಮೇಲಿನ ಪ್ರಯೋಗ ಪ್ರಕಟಿಸಿದರು. ಇಲಿಯ ಮಿದುಳಿನ ಚಿತ್ರದಲ್ಲಿ ಸಣ್ಣ ಸಣ್ಣ ಕಪ್ಪು ಗೆರೆಗಳು. ಅವು ರಕ್ತನಾಳಗಳು. ರಕ್ತದಲ್ಲಿ ಆಮ್ಲಜನಕ ಜಾಸ್ತಿಯಾದರೆ ಗೆರೆ ಮಾಸುತ್ತದೆ, ಕಡಿಮೆಯಾದರೆ ಎದ್ದು ಕಾಣುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಸ್ವಲ್ಪ ಕದಡುತ್ತದೆ, ಅದಕ್ಕೇ ಹೀಗೆ. ಎಷ್ಟು ಚೆಂದದ ಗಮನಿಕೆ ಅಲ್ವಾ! 1992ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದವರ ಜೊತೆ ಸೇರಿ ಮನುಷ್ಯರಲ್ಲೂ, ಮಿದುಳು ಕೆಲಸ ಮಾಡುವಾಗ ಆಗುವ ಇಂಥ ಬದಲಾವಣೆಯನ್ನು ತೋರಿಸಿದರು.

ನನ್ನ ತೊಡಕು ಇಷ್ಟೇ. ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಜಾಲತಾಣದಲ್ಲಿ ‘ಒಗಾವಾ ಎಸ್’ ಅಂತ ಹುಡುಕಿದರೆ ಅದೇ ಹೆಸರಿನ ಎಷ್ಟೋ ಜನರ ಲೇಖನಗಳು ಕಲಸಿಕೊಂಡು ಬರುತ್ತವೆ. ನಿನ್ನೆ ರಾತ್ರಿ ಒಂದೊಂದೇ ತೆರೆದು ನೋಡುತ್ತಾ ಕೂತೆ. ರಕ್ತದ ಕ್ಯಾನ್ಸರಿನ ಲೇಖನವೂ ಸಿಕ್ಕಿತು, ಅದು ಬೇರೆ ಒಗಾವಾ ಅವರದು. ಸಂಸ್ಥೆಯ ಹೆಸರು ಸೇರಿಸಿ ಹುಡುಕಿದರೆ ಹಳೆಯ ಲೇಖನಗಳು ಬಿಟ್ಟುಹೋಗುತ್ತಿವೆ.

ನರವಿಜ್ಞಾನ ಓದುತ್ತಿರುವವರು, ಗ್ರಂಥಾಲಯದಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದೀರಾ? ಇವರ ಲೇಖನಗಳನ್ನಷ್ಟೇ ಬೇರ್ಪಡಿಸುವುದು ಹೇಗೆ ಅಂತ ದಯವಿಟ್ಟು ಹೇಳಿಕೊಡಿ. 2001ರಲ್ಲಿ ಬೆಲ್ ಲ್ಯಾಬ್ಸ್ ಬಿಟ್ಟ ಮೇಲಿನ ಕೆಲಸದ ಪಟ್ಟಿ ಯಾರ ಹತ್ತಿರವಾದರೂ ಇದ್ದರೆ ಇನ್ನೂ ಒಳ್ಳೆಯದು. ಮಕ್ಕಳ ಕೈಗೆ ತಪ್ಪು ಪಟ್ಟಿ ಕೊಡಲು ನನಗೆ ಮನಸ್ಸಿಲ್ಲ. ಇಲ್ಲೇ ಕೆಳಗೆ ಬರೆದರೂ ಸಾಕು.