ಕುದುರೆಯ ಮೇವಿನ ಬರಹದಲ್ಲಿ ‘ಪೂರಕ’, ‘ಟಾನಿಕ್’, ‘ಲವಣ’: ಬಳಕೆಯ ಕುರಿತು

ಮಾನ್ಯರೆ,

ಕುದುರೆ ಸಾಕುವವರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದರ ಕನ್ನಡವನ್ನು ಪರಿಶೀಲಿಸುತ್ತಿದ್ದೇನೆ. ಮೇವಿನ ಜೊತೆಗೆ ಕೊಡುವ ವಿಟಮಿನ್ ಮತ್ತು ಖನಿಜಗಳಿಗೆ ಕರಡಿನಲ್ಲಿ ಒಮ್ಮೆ ‘ಪೂರಕ’ ಎಂದೂ ಒಮ್ಮೆ ‘ಟಾನಿಕ್’ ಎಂದೂ ಮತ್ತೊಮ್ಮೆ ‘ಶಕ್ತಿವರ್ಧಕ’ ಎಂದೂ ಬಂದಿದೆ. ಈ ಮೂರನ್ನೂ ಒಂದೇ ಅರ್ಥದಲ್ಲಿ ಬಳಸಬಹುದೇ?

ಬಳಸಲಾಗದು ಎಂದು ನನ್ನ ಅನಿಸಿಕೆ. ‘ಶಕ್ತಿವರ್ಧಕ’ ಎಂದ ಕೂಡಲೇ ಕೊಟ್ಟಷ್ಟೂ ಒಳ್ಳೆಯದೆಂಬ ಧ್ವನಿ ಬಂದುಬಿಡುತ್ತದೆ. ‘ಪೂರಕ’ದಲ್ಲಾದರೋ ಕೊರತೆಯೊಂದಿದೆ, ಅದನ್ನು ತುಂಬಿದರೆ ಸಾಕು ಎಂಬ ಮಿತಿಯೂ ಅಡಗಿದೆ. ಕುದುರೆಯ ವಿಚಾರದಲ್ಲಿ ಈ ಮಿತಿಯೇ ಮುಖ್ಯ. ಸಿ ವಿಟಮಿನ್ನನ್ನು ಅದು ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ. ಬಿ ಗುಂಪಿನ ಬಹುಪಾಲನ್ನೂ ಕೆ ವಿಟಮಿನ್ನನ್ನೂ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಒದಗಿಸುತ್ತವೆ. ಹಸಿರು ಹುಲ್ಲು ಮೇಯುವ ಕುದುರೆಗೆ ಎ ಮತ್ತು ಇ ವಿಟಮಿನ್‌ಗಳ ಬರವೂ ಸಾಮಾನ್ಯವಾಗಿ ಇರುವುದಿಲ್ಲ. ಅದೇ ಕುದುರೆ ತಿಂಗಳುಗಟ್ಟಲೆ ಒಣಹುಲ್ಲನ್ನೇ ತಿನ್ನುತ್ತಿದ್ದರೆ ಇ ವಿಟಮಿನ್ ಸಾಲದೆ ಬರಬಹುದು, ಏಕೆಂದರೆ ಹುಲ್ಲು ಒಣಗುವಾಗ, ಆಮೇಲೆ ದಾಸ್ತಾನಿನಲ್ಲಿರುವಾಗ, ಅದರ ಬಹುಭಾಗ ನಾಶವಾಗಿರುತ್ತದೆ. ಅಂಥಲ್ಲಿ ಕೊಡುವುದು ಹೆಸರಿಗೆ ತಕ್ಕ ಪೂರಕ.

ಸೆಲೆನಿಯಂ ಇದಕ್ಕೆ ತೀರಾ ಭಿನ್ನ. ಸುಮಾರು 500 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ 1 ಮಿಲಿಗ್ರಾಂ ಸಾಕಾಗುವ ಈ ಖನಿಜ ಬಹುಕಾಲ ಅತಿಯಾಗಿ ಹೊಟ್ಟೆ ಸೇರಿದರೆ ಕುತ್ತಿಗೆಯ ಮತ್ತು ಬಾಲದ ಕೂದಲು ಉದುರಿ ಗೊರಸು ಬಿರಿಯುತ್ತದೆ. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 21 ಪೋಲೊ ಕುದುರೆಗಳು ಸತ್ತದ್ದು ಸೆಲೆನಿಯಂ ಮಿತಿಮೀರಿ ಬೆರೆತಿದ್ದ ವಿಟಮಿನ್–ಖನಿಜ ಚುಚ್ಚುಮದ್ದಿನಿಂದ. ಆದ್ದರಿಂದ ‘ಟಾನಿಕ್’ ಎಲ್ಲರ ಬಾಯಲ್ಲಿದ್ದರೂ ಅದನ್ನು ಕೈಪಿಡಿಯಲ್ಲಿ ಉಳಿಸಲು ನನಗೆ ಮನಸ್ಸಿಲ್ಲ. ‘ಪೂರಕ ಆಹಾರ’ ಎಂದರೆ ಎದೆಹಾಲಿನ ಜೊತೆಗೆ ಮಗುವಿಗೆ ಉಣಿಸುವುದೆಂಬ ಅರ್ಥ ನೆಲೆಗೊಂಡಿರುವುದರಿಂದ, ಮೊದಲ ಸಲ ‘ಪೋಷಕಾಂಶ ಪೂರಕ’ ಎಂದು ಬರೆದು ಮುಂದೆ ‘ಪೂರಕ’ ಎಂದಷ್ಟೇ ಇಡಬಹುದೆಂದುಕೊಂಡಿದ್ದೇನೆ. (‘ಜೀವಸತ್ವ’, ‘ಅನ್ನಾಂಗ’ಗಳ ಚರ್ಚೆಯನ್ನು ಇಲ್ಲಿ ಎಳೆಯುವುದಿಲ್ಲ, ‘ವಿಟಮಿನ್’ ಎಲ್ಲರಿಗೂ ತಿಳಿಯುತ್ತದೆ.)

ಹೆಚ್ಚು ತೊಡಕಾಗಿರುವುದು ‘ಲವಣ’. ಕರಡಿನ ಒಂದು ವಾಕ್ಯ ಹೀಗಿದೆ: ‘ಲಾಯದಲ್ಲಿ ಲವಣದ ಇಟ್ಟಿಗೆ ಇಟ್ಟರೆ ಖನಿಜ ಲವಣಗಳ ಚಿಂತೆಯಿಲ್ಲ.’ ಮೊದಲನೆಯ ಲವಣ ಅಡುಗೆ ಉಪ್ಪು, ಎರಡನೆಯದು ತಾಮ್ರ, ಸತು ಮುಂತಾದವು. ಒಂದೇ ಪದ ಎರಡು ಕಡೆ ಬಂದದ್ದರಿಂದ ತಪ್ಪು ಮಾತು ಸರಿಯೆಂಬಂತೆ ಓದಿಸಿಕೊಂಡು ಹೋಗುತ್ತದೆ. ಬರೀ ಬಿಳಿಯ ಉಪ್ಪಿನ ಇಟ್ಟಿಗೆ ನೆಕ್ಕಿದ ಕುದುರೆಗೆ ದಕ್ಕುವುದು ಸೋಡಿಯಂ ಮತ್ತು ಕ್ಲೋರೈಡ್. ತಾಮ್ರ, ಸತುಗಳ ಕೊರತೆ ಇದ್ದರೆ ಅದು ಹಾಗೆಯೇ ಉಳಿಯುತ್ತದೆ. ದನಕರುಗಳಿಗೆ ಕೊಡುವುದನ್ನು ‘ಲವಣ ಮಿಶ್ರಣ’ ಎನ್ನುವ ರೂಢಿ ಇದೆಯೆಂದು ಬಲ್ಲೆ. ಆದರೂ ಇಲ್ಲಿ ಒಂದನ್ನು ‘ಉಪ್ಪು’ ಎಂದೂ ಇನ್ನೊಂದನ್ನು ‘ಖನಿಜ’ ಎಂದೂ ಬೇರ್ಪಡಿಸಿ ‘ಲವಣ’ವನ್ನು ಪೂರ್ತಿ ಕೈಬಿಟ್ಟರೆ ರೂಢಿಗೆ ವಿರುದ್ಧವಾದೀತೇ?

ಕೊನೆಯದು ‘ಪ್ರಮಾಣ’. ಗೋಧಿ ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು. ಅದನ್ನೇ ಬಹುಕಾಲ ಧಾರಾಳವಾಗಿ ತಿನ್ನಿಸಿದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯತೊಡಗಿ ಮುಖದ ಮೂಳೆಗಳು ಊದಿಕೊಳ್ಳುತ್ತವೆ. ‘ಕ್ಯಾಲ್ಸಿಯಂ ಮತ್ತು ರಂಜಕದ ಪ್ರಮಾಣ ಸರಿಯಿರಲಿ’ ಎಂದರೆ ಎರಡೂ ಸಾಕಷ್ಟಿರಲಿ ಎಂದೇ ಓದುಗರು ತಿಳಿಯುತ್ತಾರೆ, ಒಂದಕ್ಕೆ ಇನ್ನೊಂದು ಎಷ್ಟಿರಬೇಕೆಂಬುದು ಹೊಳೆಯುವುದಿಲ್ಲ. ‘ಅನುಪಾತ’ ನಿಖರವಾದ ಪದವಾದರೂ ಶಾಲೆಯ ಗಣಿತದಾಚೆ ಹೆಚ್ಚು ಬಳಕೆಯಲ್ಲಿಲ್ಲ. ‘ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ’ ಎಂದು ಬಿಡಿಸಿ ಬರೆಯುವುದಕ್ಕಿಂತ ಚಿಕ್ಕದಾದ, ಕುದುರೆ ನೋಡಿಕೊಳ್ಳುವವರಿಗೆ ಥಟ್ಟನೆ ತಿಳಿಯುವ ಮಾತು ಬಲ್ಲವರಿದ್ದರೆ ದಯವಿಟ್ಟು ತಿಳಿಸಿ.