ಪದಚರ್ಚೆ: ‘ವಂಶವಾಹಿ ಪರೀಕ್ಷೆ’ ಅಂದರೆ ಯಾವ ಪರೀಕ್ಷೆ?

ಎಲ್ಲರಿಗೂ ನಮಸ್ಕಾರ.

ಹೋದ ಮಳೆಗಾಲದಿಂದ ಒಂದು ಪದ ನನ್ನನ್ನು ಕಾಡುತ್ತಿದೆ. ‘ವಂಶವಾಹಿ’. ಜೀನ್‌ಗೆ ನಾವು ಶಾಲೆಯಲ್ಲಿ ಕಲಿತ ಪದ. ನಾನು ಇಷ್ಟಪಟ್ಟು ಬಳಸುತ್ತಿದ್ದ ಪದ.

ನನ್ನ ಅಕ್ಕನಿಗೆ 54 ವರ್ಷ. ಎದೆಯಲ್ಲಿ ಗಂಟು ಕಾಣಿಸಿತು, ಸ್ತನ ಕ್ಯಾನ್ಸರ್ ಎಂದು ತಿಳಿದು ಆಪರೇಷನ್ ಆಯಿತು. ಗಡ್ಡೆ ಸಣ್ಣದು, ಕಂಕುಳಿಗೆ ಹರಡಿರಲಿಲ್ಲ. ಹಾರ್ಮೋನ್ ಮಾತ್ರೆಗೆ ಬಗ್ಗುವಂಥದ್ದು. ಕೀಮೋ ಬೇಕೋ ಬೇಡವೋ ತಿಳಿಯಲು ಗಡ್ಡೆಯ ಚೂರನ್ನು ಜೀನ್ ಟೆಸ್ಟ್‌ಗೆ ಕಳಿಸೋಣ ಎಂದರು ಡಾಕ್ಟರು. ಅಕ್ಕನಿಗೆ ಚೆನ್ನಾಗಿ ಅರ್ಥವಾಗಲಿ ಎಂದು ನಾನು ಕನ್ನಡದಲ್ಲೇ ಹೇಳಿದೆ: “ವಂಶವಾಹಿ ಪರೀಕ್ಷೆ ಮಾಡಿಸ್ಬೇಕಂತೆ ಕಣೇ.”

ಅವಳು ಏನೂ ಕೇಳಲಿಲ್ಲ. ಊಟ ಸೇರದೆ ಎದ್ದು ಹೋಗುತ್ತಿದ್ದಳು. ಆಪರೇಷನ್ ನೋವು ಇರಬೇಕು ಅಂದುಕೊಂಡೆ. ನಾಲ್ಕನೇ ದಿನ ರಾತ್ರಿ ಬಾಯಿಬಿಟ್ಟಳು. “ಹಾಗಾದ್ರೆ ಇದು ನಮ್ಮ ವಂಶದಲ್ಲೇ ಇದೆಯಾ? ಮಗೂಗೂ ಬರುತ್ತಾ? ಗಂಡಿನ ಮನೆಯವರಿಗೆ ಹೇಳ್ಬೇಕೇನೇ?” ಆಗ ಅವಳ ಮಗಳ ಮದುವೆ ಮಾತು ನಡೆಯುತ್ತಿತ್ತು.

ಆ ಪರೀಕ್ಷೆಗೂ ವಂಶಕ್ಕೂ ಸಂಬಂಧವೇ ಇರಲಿಲ್ಲ. ಆಂಕೊಟೈಪ್ ಅನ್ನುವ ಆ ಪರೀಕ್ಷೆ ಗಡ್ಡೆಯೊಳಗಿನ 21 ಜೀನ್‌ಗಳು ಎಷ್ಟು ಚುರುಕಾಗಿವೆ ಎಂದು ನೋಡಿ 0ಯಿಂದ 100ರವರೆಗೆ ಒಂದು ಅಂಕ ಕೊಡುತ್ತದೆ. 2018ರಲ್ಲಿ ಬಂದ ಟೇಲರ್‌ಎಕ್ಸ್ ಅಧ್ಯಯನ ಹತ್ತು ಸಾವಿರಕ್ಕೂ ಜಾಸ್ತಿ ಹೆಂಗಸರನ್ನು ಒಳಗೊಂಡಿತ್ತು. ಅಕ್ಕನಂಥ ಕಾಯಿಲೆ ಇದ್ದು, 50 ದಾಟಿ, ಅಂಕ 25 ಮೀರದಿದ್ದರೆ ಮಾತ್ರೆಯ ಜೊತೆ ಕೀಮೋ ಕೊಟ್ಟರೂ ಹೆಚ್ಚಿನ ಲಾಭವಿಲ್ಲ ಎಂದು ಅದರಿಂದ ಗೊತ್ತಾಯಿತು. ಅಕ್ಕನದು 18 ಬಂತು. ಕೀಮೋ ತಪ್ಪಿತು. ಆದರೆ ಆ ನಾಲ್ಕು ದಿನ ಅವಳು ಪಟ್ಟ ಸಂಕಟಕ್ಕೆ ಕಾರಣ ಕಾಯಿಲೆಯಲ್ಲ, ನಾನು ಬಳಸಿದ ಪದ.

ಇನ್ನೊಂದು ಪರೀಕ್ಷೆ ಬೇರೆಯೇ ಇದೆ. ರಕ್ತ ಅಥವಾ ಎಂಜಲು ತೆಗೆದುಕೊಂಡು, ಹುಟ್ಟುವಾಗಲೇ ಬಂದ ಜೀನ್ ದೋಷ ಇದೆಯಾ ಎಂದು ನೋಡುವುದು. ಬ್ರಾಕಾ 1, ಬ್ರಾಕಾ 2 ಎಂಬ ಜೀನ್‌ಗಳ ಹೆಸರು ಕೇಳಿರುತ್ತೀರಿ. ವಂಶಕ್ಕೆ ಸಂಬಂಧಿಸಿದ್ದು ಇದು. ಸ್ತನ ಕ್ಯಾನ್ಸರ್ ಬಂದವರಲ್ಲಿ 100ಕ್ಕೆ ಐದರಿಂದ ಹತ್ತು ಮಂದಿಯದು ಮಾತ್ರ ಹೀಗೆ ಹುಟ್ಟಿನಿಂದ ಬಂದ ದೋಷದ್ದು. ಹೀಗಿದ್ದೂ ಆಸ್ಪತ್ರೆಯ ಕಾರಿಡಾರಿನಲ್ಲಿ ಎರಡಕ್ಕೂ ‘ಜೀನ್ ಟೆಸ್ಟ್’ ಎನ್ನುತ್ತಾರೆ, ಪುಸ್ತಕದ ಕನ್ನಡದಲ್ಲಿ ಎರಡಕ್ಕೂ ‘ವಂಶವಾಹಿ ಪರೀಕ್ಷೆ’. ಬೆಂಗಳೂರಿನಲ್ಲೇ ತಯಾರಾದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಪರೀಕ್ಷೆಯಂತೂ ಜೀನ್ ನೋಡುವುದೇ ಇಲ್ಲ, ಗಡ್ಡೆಯ ಐದು ಪ್ರೋಟೀನ್ ನೋಡುತ್ತದೆ. ಜನರ ಬಾಯಲ್ಲಿ ಅದೂ ಜೀನ್ ಟೆಸ್ಟೇ.

ಹಾಗಾಗಿ ನನ್ನ ಮೊದಲ ಪ್ರಶ್ನೆ. ಇವೆರಡಕ್ಕೂ ಕಿವಿಗೆ ಬಿದ್ದ ಕೂಡಲೇ ಬೇರೆ ಅನ್ನಿಸುವ ಎರಡು ಹೆಸರು ಬೇಕು. ‘ಗಡ್ಡೆಯ ಜೀನ್ ಪರೀಕ್ಷೆ’ ಒಂದಕ್ಕೆ ಸರಿಹೋಗುತ್ತದೆ ಅಂದುಕೊಂಡಿದ್ದೇನೆ. ಇನ್ನೊಂದಕ್ಕೆ ಏನನ್ನೋಣ?

‘ವಂಶ’ ಸೇರಿಸಲು ನನಗೆ ಮನಸ್ಸಿಲ್ಲ. ನಮ್ಮ ಕಡೆ ವಂಶ ಅಂದರೆ ಅಪ್ಪನ ಕಡೆಯದು. ಗಂಡು ಮಗ ಹುಟ್ಟಿದರೆ ವಂಶ ಬೆಳೆಯಿತು ಅನ್ನುತ್ತೇವೆ. ಮದುವೆಯಾದ ಹುಡುಗಿಯ ಗೋತ್ರ, ಬೆಡಗು ಬದಲಾಗುತ್ತದೆ. ಜೀನ್ ಬದಲಾಗುವುದಿಲ್ಲ ಅಲ್ವಾ? ಬ್ರಾಕಾ ದೋಷ ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು. ಮಗನಾಗಲಿ ಮಗಳಾಗಲಿ, ಒಂದೊಂದು ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಡಾಕ್ಟರು “ನಿಮ್ಮ ವಂಶದಲ್ಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?” ಎಂದರೆ, ಎಷ್ಟೋ ಹೆಂಗಸರು ಅಮ್ಮನ ಅಕ್ಕತಂಗಿಯರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆಲವರು ಗಂಡನ ಮನೆಯವರ ಕಾಯಿಲೆ ಹೇಳುತ್ತಾರೆ. ನಾನು ಕಿವಿಯಾರೆ ಕೇಳಿದ್ದೇನೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಕುಟುಂಬಗಳಿರುವ ಕರಾವಳಿಯಲ್ಲಿ ಇದು ತಲೆಕೆಳಗಾಗಿ, ತಂದೆಯ ಕಡೆಯವರು ಬಿಟ್ಟುಹೋಗುತ್ತಾರಾ? ಮಂಗಳೂರು, ಉಡುಪಿ ಕಡೆಯವರು ದಯವಿಟ್ಟು ಹೇಳಿ.

‘ಬಳುವಳಿ’ ಎಂಬ ಪದ ಮನಸ್ಸಿಗೆ ಬಂತು. ತವರಿನಿಂದ ಮಗಳ ಜೊತೆ ಬರುವಂಥದ್ದು. ಎಷ್ಟು ಚೆಂದ ಕೂರುತ್ತದೆ ಅನ್ನಿಸಿ ಅಕ್ಕನಿಗೆ ಹೇಳಿದೆ. ಅವಳು ಬೇಡವೇ ಬೇಡ ಎಂದಳು. “ತವರಿನ ಬಳುವಳಿ ಅಂದ್ರೆ ಅತ್ತೆಮನೆಯವರು ಅದನ್ನೇ ಹಿಡ್ಕೊಂಡು ಚುಚ್ಚುತ್ತಾರೆ.” ಅವಳ ಮಾತು ನಿಜ. ಈಗ ನನ್ನ ಕೈಯಲ್ಲಿ ಉಳಿದಿರುವುದು ‘ಹುಟ್ಟಿನ ಜೀನ್ ಪರೀಕ್ಷೆ’. ಸಪ್ಪೆ ಇರಬಹುದು, ಆದರೆ ಯಾರನ್ನೂ ದೂರುವುದಿಲ್ಲ. ಇದಕ್ಕಿಂತ ಒಳ್ಳೆಯದಿದ್ದರೆ ತಿಳಿಸಿ.

ಒಂದು ಬಳಕೆಯನ್ನು ಮಾತ್ರ ತಿದ್ದಲೇಬೇಕು. “ಅವಳಿಗೆ ಬ್ರಾಕಾ ಜೀನ್ ಇದೆಯಂತೆ” ಎನ್ನುತ್ತಾರೆ. ಆ ಜೀನ್ ನಮಗೆಲ್ಲರಿಗೂ ಇದೆ. ಮುರಿದ ಡಿಎನ್‌ಎ ಎಳೆಯನ್ನು ಬೆಸೆಯುವುದೇ ಅದರ ಕೆಲಸ. ಕೆಟ್ಟಿರುವುದು ಜೀನ್‌ನ ಬರಹ. ಇದು ಬರೀ ಮಾತಿನ ತಿದ್ದುಪಡಿಯೂ ಅಲ್ಲ. ಓಲಾಪರಿಬ್ ಎಂಬ ಮಾತ್ರೆ ಹೊಡೆಯುವುದು ಈ ಬೆಸುಗೆ ಕೆಲಸ ಕೈಕೊಟ್ಟ ಕ್ಯಾನ್ಸರ್ ಕಣಗಳನ್ನೇ. ‘ಜೀನ್ ಇದೆ’ ಎಂದು ಕೇಳಿಸಿಕೊಂಡವರಿಗೆ ಮಾತ್ರೆ ಯಾಕೆ ಕೊಡುತ್ತಾರೆಂದು ತಿಳಿಯುವುದಿಲ್ಲ. ‘ಜೀನ್ ಕೆಟ್ಟಿದೆ’ ಅಂದರೆ ತಿಳಿಯುತ್ತದೆ.

ಎರಡನೇ ಪ್ರಶ್ನೆ ಇನ್ನೂ ಕಷ್ಟದ್ದು, ಅವಸರದ್ದೂ ಹೌದು.

ನನ್ನ ಗೆಳತಿಗೆ 38 ವರ್ಷ. ಅವಳದು ಹಾರ್ಮೋನ್ ಮಾತ್ರೆಗೂ, ಹರ್2 ಎಂಬ ಪ್ರೋಟೀನನ್ನು ಹೊಡೆಯುವ ಔಷಧಿಗೂ ಬಗ್ಗದ ಸ್ತನ ಕ್ಯಾನ್ಸರ್. ಹುಟ್ಟಿನ ಜೀನ್ ಪರೀಕ್ಷೆ ಮಾಡಿಸಿದರು. ಬ್ರಾಕಾ 2ರಲ್ಲಿ ಒಂದು ‘ವೇರಿಯಂಟ್’ ಸಿಕ್ಕಿದೆ, ಆದರೆ ಅದರಿಂದ ಕೆಡುಕಿದೆಯೋ ಇಲ್ಲವೋ ಸದ್ಯಕ್ಕೆ ಹೇಳಲಾಗದು ಎಂದು ವರದಿ ಬಂತು. ಲ್ಯಾಬಿನವರು ಇಂಥ ವ್ಯತ್ಯಾಸಗಳನ್ನು ಐದು ದರ್ಜೆಗೆ ಹಾಕುತ್ತಾರೆ. ಒಂದು ತುದಿಯಲ್ಲಿ ಖಂಡಿತ ಕೆಡುಕಿನದು, ಇನ್ನೊಂದು ತುದಿಯಲ್ಲಿ ನಿರುಪದ್ರವಿ. ಇದು ನಟ್ಟನಡುವಿನದು. ಇದೊಂದನ್ನೇ ನೆಚ್ಚಿ ಸ್ತನವನ್ನೋ ಅಂಡಾಶಯವನ್ನೋ ತೆಗೆಸಬಾರದು ಎನ್ನುತ್ತಾರೆ ಡಾಕ್ಟರುಗಳು. ಮುಂದೆ ಮಾಹಿತಿ ಸೇರಿದ ಹಾಗೆ ಇಂಥವುಗಳಲ್ಲಿ ಹೆಚ್ಚಿನವು ನಿರುಪದ್ರವಿ ಎಂದೇ ತೀರ್ಮಾನವಾಗುತ್ತವೆ.

ಅವಳ ಅತ್ತೆಗೆ ಇದನ್ನು ಹೇಳುವುದು ಹೇಗೆ? ಕೊರೊನಾ ಕಾಲದಲ್ಲಿ ಪೇಪರಿನವರು ವೇರಿಯಂಟ್‌ಗೆ ‘ರೂಪಾಂತರಿ’ ಎಂದರು. ಈಗ ಆ ಪದ ಕೇಳಿದರೆ ಅಂಟುಜಾಡ್ಯವೇ ನೆನಪಾಗುತ್ತದೆ. ‘ಪಾಸಿಟಿವ್’ ಪದಕ್ಕೂ ಅದೇ ಗತಿ. ಅಕ್ಕನ ಗಡ್ಡೆ ಹಾರ್ಮೋನ್ ಪಾಸಿಟಿವ್ ಅಂದಾಗ ಅದು ಒಳ್ಳೆಯ ಸುದ್ದಿ, ಮಾತ್ರೆ ಕೆಲಸ ಮಾಡುತ್ತದೆ ಎಂದರ್ಥ. ಮನೆಯವರೆಲ್ಲ ಅತ್ತರು. ‘ವ್ಯತ್ಯಾಸ’ ಮೆತ್ತಗಿದೆ, ನಾನೇ ಮೇಲೆ ಬಳಸಿದ್ದೇನೆ. ಆದರೆ “ಏನಾದ್ರೂ ವ್ಯತ್ಯಾಸ ಆದ್ರೆ” ಎನ್ನುವಾಗ ನಮ್ಮ ಮನಸ್ಸಿನಲ್ಲಿ ಇರುವುದು ಕೇಡೇ.

ಹಸ್ತಪ್ರತಿ ಓದಿದವರು ಇಲ್ಲಿ ತುಂಬಾ ಜನ ಇದ್ದೀರಿ. ಅವರಿಗಾಗಿ ಒಂದು ಸಲಹೆ: ‘ಪಾಠಾಂತರ’. ಒಂದು ಓಲೆಗರಿಯಲ್ಲಿ ಒಂದು ಅಕ್ಷರ, ಇನ್ನೊಂದರಲ್ಲಿ ಬೇರೊಂದು. ‘ಕಥೆ’ಯನ್ನು ‘ಕತೆ’ ಎಂದು ಬರೆದರೆ ಅರ್ಥ ಕೆಡುವುದಿಲ್ಲ. ‘ಹಾಲು’ ಹೋಗಿ ‘ಹಾಳು’ ಆದರೆ ಕೆಡುತ್ತದೆ. ಕೆಲವು ಅಕ್ಷರ ಸಿಕ್ಕಾಗ, ಇನ್ನೂ ನಾಲ್ಕು ಪ್ರತಿ ನೋಡುವವರೆಗೆ ಸಂಪಾದಕರು ಏನನ್ನೂ ಹೇಳುವುದಿಲ್ಲ. ಗೆಳತಿಯ ವರದಿಯಲ್ಲಿ ಇರುವುದು ಥೇಟ್ ಇದೇ. ಅವಳಿಗೆ ಹೀಗೆ ವಿವರಿಸಿದಾಗ ಥಟ್ಟನೆ ಹಿಡಿದಳು. ಆದರೆ ಅವಳು ಕನ್ನಡ ಎಂ.ಎ. ಓದಿದವಳು. ಹೊಲ ನೋಡಿಕೊಂಡಿರುವ ಅವಳ ಅತ್ತೆಗೆ ಪಾಠಾಂತರ ಅಂದರೆ ಏನೂ ತಿಳಿಯದು. ಸದ್ಯಕ್ಕೆ ನಾನು ಬರೆದುಕೊಂಡಿರುವ ಮಾತು ಇದು: “ಜೀನ್‌ನಲ್ಲಿ ಒಂದು ಅಕ್ಷರ ಬೇರೆ ಇದೆ. ಅದರಿಂದ ತೊಂದರೆ ಇದೆಯಾ ಇಲ್ವಾ ಅಂತ ಇನ್ನೂ ಗೊತ್ತಾಗಿಲ್ಲ.” ಇದನ್ನು ಎರಡು ಮೂರು ಪದಕ್ಕೆ ಇಳಿಸಬಹುದಾ? ಅಥವಾ ಸುಮ್ನೆ ಹೀಗೇ ಬಿಡುವುದು ಮೇಲಾ?

ಬರುವ ಸೋಮವಾರ ಡಾಕ್ಟರ ಹತ್ತಿರ ಹೋಗುವುದಿದೆ. ಅತ್ತೆಯೂ ಬರುತ್ತಾರೆ. “ಎರಡೂ ಕಡೆ ತೆಗೆಸಿಬಿಡೋಣ, ಆಮೇಲೆ ನಿಶ್ಚಿಂತೆ” ಎಂದು ಅವರು ಈಗಾಗಲೇ ಮನೆಯಲ್ಲಿ ಹೇಳಿದ್ದಾರೆ. ಸೊಸೆಯ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಅವರ ಪಕ್ಕ ಕೂತು ಡಾಕ್ಟರ ಮಾತನ್ನು ಕನ್ನಡದಲ್ಲಿ ಹೇಳಬೇಕಾದವಳು ನಾನು. ಭಾನುವಾರದ ಒಳಗೆ ಬರೆಯುತ್ತೀರಾ?