ರಕ್ತದ ‘ಮಾರ್ಕರ್’: ಸೂಚಕವೋ ಕುರುಹೋ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಮದ್ಯಪಾನದಿಂದ ಬರುವ ಯಕೃತ್ತಿನ ಕಾಯಿಲೆಯನ್ನು ರಕ್ತಪರೀಕ್ಷೆಯಿಂದ ಮೊದಲೇ ಗುರುತಿಸುವ ಬಗ್ಗೆ ಜನಸಾಮಾನ್ಯರಿಗಾಗಿ ಬರೆಯುತ್ತಿದ್ದೇನೆ. ದೇಹದ ಸ್ಥಿತಿಯನ್ನು ತಿಳಿಯಲು ರಕ್ತದಲ್ಲಿ ಅಳೆಯುವ ವಸ್ತುವನ್ನು ಇಂಗ್ಲಿಷಿನಲ್ಲಿ ‘ಮಾರ್ಕರ್’ ಎನ್ನುತ್ತಾರಲ್ಲ, ಅಲ್ಲಿಗೆ ಬಂದು ಲೇಖನಿ ನಿಂತಿದೆ. ‘ಸೂಚಕ’ ಎನ್ನುವುದು ರೂಢಿ. ಪದದಲ್ಲಿ ದೋಷವಿಲ್ಲ, ಆದರೆ ಇಲ್ಲಿ ಅದು ಎರಡು ಬೇರೆ ಸಂಗತಿಗಳನ್ನು ಒಂದೇ ಹೆಸರಿನಡಿ ತಂದುಬಿಡುತ್ತದೆ.

ಫಾಸ್ಫಟೈಡಿಲ್ ಎಥನಾಲ್ ನೋಡಿ. ಮೈಯಲ್ಲಿ ಮದ್ಯಸಾರ ಇದ್ದಾಗ ಮಾತ್ರ ಕೆಂಪು ರಕ್ತಕಣಗಳ ಪೊರೆಯಲ್ಲಿ ಹುಟ್ಟುವ ವಸ್ತು ಅದು. ವಿಪರೀತ ಕುಡಿಯುತ್ತಿದ್ದವರು ಬಿಟ್ಟ ಮೇಲೂ ಎರಡರಿಂದ ನಾಲ್ಕು ವಾರ ರಕ್ತದಲ್ಲಿ ಸಿಗುತ್ತದೆ. ಕುಡಿದದ್ದನ್ನು ಅದು ಹೇಳುತ್ತದೆಯೇ ಹೊರತು ಯಕೃತ್ತು ಹೇಗಿದೆ ಎಂಬುದನ್ನಲ್ಲ. ಎಎಸ್‌ಟಿ, ಎಎಲ್‌ಟಿಗಳದ್ದು ಬೇರೆಯೇ ಕಥೆ: ಯಕೃತ್ತಿನ ಜೀವಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವಗಳು. ಎಎಸ್‌ಟಿಯು ಎಎಲ್‌ಟಿಯ ಎರಡು ಪಟ್ಟು ಮೀರಿದರೆ ವೈದ್ಯರು ಮದ್ಯವನ್ನು ಶಂಕಿಸುತ್ತಾರೆ, ಅಷ್ಟೆ. ಜಿಜಿಟಿ ಎಂಬ ಇನ್ನೊಂದು ಕಿಣ್ವವಂತೂ ಅಡ್ಡಗೋಡೆಯ ಮೇಲಿಟ್ಟ ದೀಪ: ಕುಡಿತದಿಂದಲೂ ಏರುತ್ತದೆ, ಪಿತ್ತನಾಳ ಕಟ್ಟಿಕೊಂಡರೂ ಏರುತ್ತದೆ, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಮಾತ್ರೆಯಿಂದಲೂ ಏರುತ್ತದೆ.

ಆದ್ದರಿಂದ ಮೊದಲ ಬಗೆಗೆ ‘ಕುಡಿತದ ಕುರುಹು’, ಎರಡನೆಯದಕ್ಕೆ ‘ಹಾನಿಸೂಚಕ’ ಎಂದರೆ ಹೇಗೆ? ‘ಸುಳಿವು’ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಪೊಲೀಸು ತನಿಖೆಯ ವಾಸನೆ ಇದೆ; ಈ ರೋಗಿಗಳು ಉಣ್ಣುವ ಅವಮಾನ ಈಗಿರುವುದೇ ಸಾಕು.

ವಯಸ್ಸು, ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ಸಂಖ್ಯೆ ಇಷ್ಟನ್ನೂ ಸೇರಿಸಿ ಲೆಕ್ಕ ಹಾಕುವ ಫಿಬ್-4ಕ್ಕೆ ‘ಸೂಚ್ಯಂಕ’ ಸರಿಹೊಂದುತ್ತದೆ. ಅದು 1.3ಕ್ಕಿಂತ ಕಡಿಮೆಯಿದ್ದರೆ ಯಕೃತ್ತು ತೀವ್ರವಾಗಿ ನಾರುಗಟ್ಟಿರುವ ಸಂಭವ ಕಡಿಮೆ.

ಇನ್ನು ‘ಸ್ಕ್ರೀನಿಂಗ್’. ‘ತಪಾಸಣೆ’ ಎಂದು ಬರೆದರೆ ವಾಹನ ತಪಾಸಣೆಯಿಂದ ಹಿಡಿದು ಎಲ್ಲವೂ ಅದರೊಳಗೆ ಬರುತ್ತದೆ. ಮೇಲಾಗಿ ‘ತಪಾಸಣೆಯಲ್ಲಿ ಕಂಡುಬಂದಿದೆ’ ಎಂದೊಡನೆ ರೋಗ ಖಚಿತವಾಯಿತು ಎಂದು ಓದುಗರು ತಿಳಿಯುತ್ತಾರೆ. ರೋಗಲಕ್ಷಣಗಳಿಲ್ಲದವರ ನಡುವೆ ಮುಂದಿನ ಪರೀಕ್ಷೆ ಯಾರಿಗೆ ಬೇಕು ಎಂದು ವಿಂಗಡಿಸುವುದಷ್ಟೇ ಇಲ್ಲಿನ ಕೆಲಸ. ‘ಜರಡಿ ಹಿಡಿಯುವುದು’ ವಾಕ್ಯದೊಳಗೆ ಚೆನ್ನ, ತಲೆಬರಹಕ್ಕೆ ಒರಟು. ‘ಪೂರ್ವತಪಾಸಣೆ’ ನಡೆದೀತೇ?

ಉತ್ತರಿಸುವವರು ಒಂದನ್ನು ಗಮನದಲ್ಲಿಡಬೇಕು. ಸಿರೋಸಿಸ್ (ಯಕೃತ್ತು ನಾರುಗಟ್ಟಿ ಗಡುಸಾಗುವ ಮುಂದುವರಿದ ಹಂತ) ಆದವರಲ್ಲೂ ಎಎಲ್‌ಟಿ ಸಹಜ ಮಟ್ಟದಲ್ಲಿರಬಹುದು. ಹಾಗಾಗಿ ‘ಹಾನಿಸೂಚಕ ಸಹಜವಾಗಿದೆ’ ಎಂಬ ವಾಕ್ಯ ‘ಹಾನಿಯಾಗಿಲ್ಲ’ ಎಂಬ ಅರ್ಥ ಕೊಡುವುದಾದರೆ ನನ್ನ ಪದವನ್ನೂ ಕೈಬಿಡಬೇಕಾಗುತ್ತದೆ. ನಿಮಗೆ ಹಾಗೆ ಕೇಳಿಸುತ್ತದೆಯೇ?